ಕೃತಕ ಕವಾಟದ ಸದ್ದು

ವಾಲ್ವು ಎಂಬ ಮಾತು ರೇಡಿಯೋ ಇಟ್ಟುಕೊಂಡಿರುವ ಮನೆಗಳಿಗೆ ಹೊಸದಲ್ಲ. ಹಿಂದಿನ ಕಾಲದ ದೊಡ್ಡ ರೇಡಿಯೋ ಪೆಟ್ಟಿಗೆಗಳಲ್ಲಿ, ಗುಂಡಿ ತಿರುಗಿಸಿದ ಸ್ವಲ್ಪ ಹೊತ್ತಿಗೆ ಕೆಂಪಗೆ ಕಾಯುತ್ತಿದ್ದ ಗಾಜಿನ ಬುರುಡೆಗಳಿಗೆ ಆ ಹೆಸರಿತ್ತು. 1904ರಲ್ಲಿ ಇಂಗ್ಲೆಂಡಿನ ಜಾನ್ ಆಂಬ್ರೋಸ್ ಫ್ಲೆಮಿಂಗ್ ಅವರು ಅದನ್ನು ನಿರ್ಮಿಸಿದಾಗ, ವಿದ್ಯುತ್ತನ್ನು ಒಂದೇ ದಿಕ್ಕಿಗೆ ಹರಿಯಬಿಟ್ಟು ಹಿಂದಿರುಗಗೊಡದ ಕಾರಣದಿಂದಲೇ ಅದಕ್ಕೆ ವಾಲ್ವ್ ಎಂದು ಕರೆದರು. ನಮ್ಮ ಎದೆಯೊಳಗಿರುವ ನಾಲ್ಕು ವಾಲ್ವುಗಳು ರಕ್ತಕ್ಕೆ ಮಾಡುವ ಉಪಕಾರವೂ ಇದೇ. ಕನ್ನಡದಲ್ಲಿ ಇದಕ್ಕೆ ಕವಾಟವೆಂಬ ಹೆಸರು ನಿಂತಿದೆ. ಕವಾಟವೆಂದರೆ ಬಾಗಿಲ ಕದ; ಅಮರಕೋಶ ಇದಕ್ಕೆ ಅರರವೆಂಬ ಇನ್ನೊಂದು ಹೆಸರನ್ನೂ ಕೊಡುತ್ತದೆ. ಒಂದು ವ್ಯತ್ಯಾಸ ಮಾತ್ರ ಉಂಟು. ಮನೆಯ ಕದ ಬರುವವರಿಗೂ ತೆರೆಯುತ್ತದೆ, ಹೋಗುವವರಿಗೂ ತೆರೆಯುತ್ತದೆ. ಹೃದಯದ ಕದ ಮುಂದೆ ಹೋಗುವ ರಕ್ತಕ್ಕೆ ಮಾತ್ರ ತೆರೆದು, ಅದು ಹಿಂದಕ್ಕೆ ಬರಲೆಳಸಿದೊಡನೆ ಮುಚ್ಚಿಕೊಳ್ಳುತ್ತದೆ.

ನಿಮಿಷಕ್ಕೆ 72 ಬಡಿತವೆಂದು ಹಿಡಿದರೆ ಈ ಕದ ದಿನಕ್ಕೆ 1,03,680 ಬಾರಿ ತೆರೆದು ಮುಚ್ಚಬೇಕು. ವರ್ಷಕ್ಕೆ ಲೆಕ್ಕ ಹಾಕಿದರೆ 3 ಕೋಟಿ 78 ಲಕ್ಷ ದಾಟುತ್ತದೆ. ಇಷ್ಟು ಬಾರಿ ತೆರೆದು ಮುಚ್ಚಿದರೂ ಸವೆಯದ ತಿರುಗಣಿಯನ್ನು ಯಾವ ಬಡಗಿ, ಯಾವ ಕಮ್ಮಾರ ಮಾಡಿಕೊಟ್ಟಾನು? ಆದರೂ ಮಾಡಬೇಕಾಯಿತು. ಮಕ್ಕಳಿಗೆ ಗಂಟಲುನೋವು ಬಂದು ಹೋದ ಕೆಲವು ವಾರಗಳ ಮೇಲೆ ಕೀಲುಗಳು ಊದಿ ಜ್ವರ ಬರುವ ರೂಮ್ಯಾಟಿಕ್ ಕಾಯಿಲೆ, ಹೋಗುವಾಗ ಹೃದಯದ ಕವಾಟಗಳನ್ನು ಕಚ್ಚಿ ಹೋಗುತ್ತದೆ. ಕವಾಟದ ದಳಗಳು ಒಂದಕ್ಕೊಂದು ಅಂಟಿಕೊಂಡು ದಾರಿ ಕಿರಿದಾಗಬಹುದು, ಇಲ್ಲವೆ ದಳಗಳು ಸುಕ್ಕಿ ಸೋರಬಹುದು. ನಮ್ಮ ದೇಶದಲ್ಲಿ ಈ ಕಾಯಿಲೆ ಇಂದಿಗೂ ತೊಲಗಿಲ್ಲ. ಕೆಟ್ಟ ಕದವನ್ನು ಕಿತ್ತು ಹೊಸ ಕದ ಕೂಡಿಸುವ ವಿದ್ಯೆ ಹುಟ್ಟಿದ್ದು ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ. ಹುಟ್ಟಿದ ದಿನದಿಂದಲೇ ಅದರ ಜೊತೆಯಲ್ಲಿ ಒಂದು ಪ್ರಶ್ನೆಯೂ ಹುಟ್ಟಿತು: ಹೊಲಿದು ಮುಚ್ಚಿದ ಎದೆಯೊಳಗೆ ಆ ಕದ ನೆಟ್ಟಗಿದೆಯೆ, ಕೆಟ್ಟಿದೆಯೆ ಎಂಬುದನ್ನು ಮತ್ತೆ ಎದೆ ಸೀಳದೆ ತಿಳಿಯುವುದು ಹೇಗೆ?

ಮೊದಲು ತಿಳಿಸಿದ್ದು ಕಿವಿ. ಪ್ಯಾರಿಸ್ಸಿನ ವೈದ್ಯ ಲೆನೆಕ್ ಅವರು 1816ರಲ್ಲಿ ಕಾಗದವನ್ನು ಸುರುಳಿ ಸುತ್ತಿ ಒಬ್ಬ ರೋಗಿಯ ಎದೆಗಿಟ್ಟು ಆಲಿಸಿದಂದಿನಿಂದ ಹೃದಯದ ಸದ್ದನ್ನು ಓದುವ ಕಲೆ ಬೆಳೆದಿತ್ತು. ಸಹಜವಾದ ಕವಾಟದ ಸದ್ದಾದರೋ ಮೆದು. ಅದನ್ನು ಕೇಳಲು ಸ್ಟೆತಾಸ್ಕೋಪು ಬೇಕು. ಮನುಷ್ಯನು ಮಾಡಿದ ಮೊದಲ ಕವಾಟಕ್ಕೆ ಅದೂ ಬೇಕಾಗಿರಲಿಲ್ಲ.

1952ರ ಸೆಪ್ಟೆಂಬರಿನಲ್ಲಿ ವಾಷಿಂಗ್ಟನ್ನಿನ ಜಾರ್ಜ್‌ಟೌನ್ ವಿಶ್ವವಿದ್ಯಾನಿಲಯದ ಚಾರ್ಲ್ಸ್ ಹಫ್ನಾಗೆಲ್ ಅವರು ಒಬ್ಬ ರೋಗಿಯ ಎದೆಯಲ್ಲಿ ಪಾರದರ್ಶಕವಾದ ಪ್ಲಾಸ್ಟಿಕ್ಕಿನ ಗೂಡೊಂದನ್ನು ಕೂಡಿಸಿದರು. ಅದರೊಳಗೊಂದು ಗುಂಡು. ರಕ್ತ ಮುಂದೆ ನುಗ್ಗಿದಾಗ ಗುಂಡು ಸರಿದು ದಾರಿ ಬಿಡುತ್ತದೆ. ರಕ್ತ ಹಿಂದಕ್ಕೆ ಬಂದರೆ ಗುಂಡೇ ಉರುಳಿ ಬಾಯಿ ಮುಚ್ಚುತ್ತದೆ. ಗೋಲಿ ಸೋಡ ಕುಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸೀಸೆಯ ಕತ್ತಿನಲ್ಲಿ ಕುಳಿತ ಗೋಲಿ ಒಳಗಿನ ಒತ್ತಡದಿಂದಲೇ ಬಾಯಿಗೆ ಬಿಗಿದುಕೊಂಡಿರುತ್ತದೆಯಲ್ಲವೆ? ಗುಂಡು ಮತ್ತು ಪಂಜರದ ಈ ಉಪಾಯ ಅಮೆರಿಕದಲ್ಲಿ 1858ರಷ್ಟು ಹಿಂದೆಯೇ ಸೀಸೆಯ ಬಿರಡೆಯೊಂದಕ್ಕೆ ಪೇಟೆಂಟಾಗಿತ್ತು. ಹಫ್ನಾಗೆಲ್ ಅವರು ಅದನ್ನು ಹೃದಯದೊಳಕ್ಕೇ ಒಯ್ಯಲಿಲ್ಲ. ಹೃದಯವನ್ನು ನಿಲ್ಲಿಸಿ ಅದರ ಕೆಲಸವನ್ನು ಯಂತ್ರಕ್ಕೆ ವಹಿಸುವ ವಿದ್ಯೆ ಅಂದು ಬಳಕೆಗೆ ಬಂದಿರಲಿಲ್ಲ. ಆದ್ದರಿಂದ ಹೃದಯದಿಂದ ಕೆಳಕ್ಕಿಳಿಯುವ ಮಹಾಧಮನಿಯಲ್ಲಿ ಅದನ್ನು ಕೂಡಿಸಿದರು. ಗುಣ ಅರೆಯಷ್ಟೇ ಆದರೂ ರೋಗಿಗಳು ಬದುಕಿದರು. ಆದರೆ ಪ್ರತಿ ಬಡಿತಕ್ಕೂ ಎದೆಯೊಳಗಿಂದ ಟಕ್ಕೆಂಬ ಸದ್ದು. ಹತ್ತಿರ ಕುಳಿತವರಿಗೂ ಕೇಳುವಷ್ಟು. ಸದ್ದನ್ನು ಅಡಗಿಸಲೆಂದು ಮುಂದೆ ಗುಂಡಿಗೆ ಸಿಲಿಕೋನ್ ರಬ್ಬರಿನ ಹೊದಿಕೆ ಹಾಕಿದರು.

ವಾಚಕರು ಇಲ್ಲಿ ಸ್ವಲ್ಪ ನಿಲ್ಲಬೇಕು. ಈ ಚರಿತ್ರೆಯ ತೊಡಕೆಲ್ಲ ಈ ಹೊದಿಕೆಯಲ್ಲಿದೆಯೆಂದು ನನಗೆ ತೋರುತ್ತದೆ. ರೋಗಿಗೆ ಸದ್ದು ಬೇಡ. ರಾತ್ರಿ ಮಲಗಿದರೆ ಎದೆಯೊಳಗೊಂದು ಗಡಿಯಾರ ಬಡಿಯುತ್ತಿದ್ದರೆ ಯಾರಿಗೆ ನಿದ್ದೆ ಬಂದೀತು? ಆದರೆ ಕದ ನೆಟ್ಟಗಿದೆಯೆಂದು ಕ್ಷಣಕ್ಷಣಕ್ಕೂ ಸಾಕ್ಷಿ ಹೇಳುತ್ತಿದ್ದದ್ದು ಆ ಸದ್ದೇ. ಸದ್ದು ಕಡಿಮೆಯಾದಷ್ಟೂ ಆ ಸಾಕ್ಷಿಯನ್ನು ಬೇರೆ ಕಡೆ ಹುಡುಕಬೇಕಾಯಿತು.

ಗುಂಡಿನ ಕವಾಟವನ್ನು ಹೃದಯದೊಳಗಣ ಸರಿಯಾದ ಸ್ಥಾನದಲ್ಲಿಯೇ ಕೂಡಿಸಿ ಗೆದ್ದ ವರ್ಷ 1960. ಆ ಮಾರ್ಚಿಯಲ್ಲಿ ಬಾಸ್ಟನ್ನಿನ ಡ್ವೈಟ್ ಹಾರ್ಕೆನ್ ಅವರು ಮಹಾಧಮನಿಯ ಬುಡದ ಕವಾಟವನ್ನು ಬದಲಾಯಿಸಿದರು. ಅದೇ ವರ್ಷ ಆರೆಗನ್ ರಾಜ್ಯದ ಪೋರ್ಟ್‌ಲೆಂಡಿನಲ್ಲಿ ಆಲ್ಬರ್ಟ್ ಸ್ಟಾರ್ ಎಂಬ ತರುಣ ಶಸ್ತ್ರವೈದ್ಯರು, ಲೋವೆಲ್ ಎಡ್ವರ್ಡ್ಸ್ ಎಂಬ ನಿವೃತ್ತ ಇಂಜಿನಿಯರ ಜೊತೆ ಸೇರಿ, ಎಡಭಾಗದ ಎರಡು ಕೋಣೆಗಳ ನಡುವಣ ಮೈಟ್ರಲ್ ಕವಾಟವನ್ನು ಬದಲಾಯಿಸಿದರು. ಎಡ್ವರ್ಡ್ಸ್ ವಿಮಾನದ ಇಂಜಿನ್ನುಗಳಿಗೆ ಪಂಪು ಮಾಡಿದವರು. ಪಂಪಿನ ಕವಾಟವೇನು, ಹೃದಯದ ಕವಾಟವೇನು, ನೀರಿನ ನಿಯಮ ಒಂದೇ ಎಂದು ಹೊರಟವರು. ಅವರ ಮೊದಲ ರೋಗಿ ಕೆಲವೇ ಗಂಟೆಗಳಲ್ಲಿ ತೀರಿಕೊಂಡರು. ಸೆಪ್ಟೆಂಬರಿನಲ್ಲಿ ಕವಾಟ ಪಡೆದ ಐವತ್ತೆರಡು ವರ್ಷದ ಎರಡನೆಯ ರೋಗಿ ಹತ್ತು ವರ್ಷ ಬದುಕಿ, ಕೊನೆಗೆ ಏಣಿಯಿಂದ ಬಿದ್ದು ಸತ್ತರು. ಕವಾಟ ಕೈಕೊಡಲಿಲ್ಲ.

ಎಲ್ಲರ ಪಾಲಿಗೂ ಹಾಗಾಗಲಿಲ್ಲ. ಸಿಲಿಕೋನ್ ರಬ್ಬರಿನ ಗುಂಡು ರಕ್ತದಲ್ಲಿದ್ದ ಕೊಬ್ಬನ್ನು ಹೀರತೊಡಗಿತು. ಬಿಳಿಯ ಗುಂಡು ಹಳದಿಯಾಯಿತು. ಕೆಲವರಲ್ಲಿ ಊದಿ ಪಂಜರಕ್ಕೆ ಸಿಕ್ಕಿಕೊಂಡಿತು, ಕೆಲವರಲ್ಲಿ ಬಿರಿದು ಚೂರಾಯಿತು. ಮಹಾಧಮನಿಯ ಬುಡದಲ್ಲಿ ಕೂಡಿಸಿದ ಮೊದಲ ಮಾದರಿಗಳಲ್ಲಿ ಈ ಪೀಡೆ ವಿಶೇಷವಾಗಿತ್ತು. ಇದನ್ನು ಹೊರಗಿಂದ ಕಂಡುಹಿಡಿದದ್ದು ಮತ್ತೆ ಸದ್ದಿನಿಂದಲೇ. ಎದೆಯ ಧ್ವನಿಯನ್ನು ಕಾಗದದ ಮೇಲೆ ಗೆರೆಯಾಗಿ ಬರೆಯುವ ಯಂತ್ರ ಆಗಲೇ ಬಂದಿತ್ತು. ಗುಂಡು ತೆರೆಯುವಾಗ ಪಂಜರದ ತಲೆಗೆ ಹೊಡೆದು ಒಂದು ಟಕ್, ಮುಚ್ಚುವಾಗ ಉಂಗುರಕ್ಕೆ ಕುಳಿತು ಇನ್ನೊಂದು ಟಕ್. ಈ ಎರಡು ಗೆರೆಗಳ ಎತ್ತರವನ್ನು 1960ರ ದಶಕದ ಕೊನೆಯ ವರ್ಷಗಳಲ್ಲಿ ಪೋರ್ಟ್‌ಲೆಂಡಿನ ವೈದ್ಯರು ಅಳೆದು ಹೋಲಿಸಿದರು. ತೆರೆಯುವ ಸದ್ದು ಮುಚ್ಚುವ ಸದ್ದಿನ ಅರ್ಧಕ್ಕಿಂತ ಕಡಿಮೆಯಾದರೆ ಗುಂಡು ಕೆಟ್ಟಿದೆಯೆಂದು ಸಂಶಯಪಡಬೇಕು; ತೆರೆಯುವ ಸದ್ದೇ ಅಡಗಿಹೋದರೆ ತಡಮಾಡುವಂತಿಲ್ಲ. ಸಂತೆಯಲ್ಲಿ ಮಡಕೆ ಕೊಳ್ಳುವಾಗ ನಮ್ಮ ಹೆಂಗಸರು ಬೆರಳ ಗೆಣ್ಣಿನಿಂದ ತಟ್ಟಿ, ಕಿವಿಗೊಟ್ಟು, ಗಟ್ಟಿ ಮಡಕೆಯನ್ನೂ ಸೀಳುಬಿಟ್ಟ ಮಡಕೆಯನ್ನೂ ಬೇರ್ಪಡಿಸುವುದಿಲ್ಲವೆ? ಇದು ಅದರ ಅಣ್ಣನೆಂದರೆ ತಪ್ಪಾಗಲಾರದು. ರಬ್ಬರನ್ನು ಹದಗೊಳಿಸುವ ಕ್ರಮ ಬದಲಾದ ಮೇಲೆ ಈ ಪೀಡೆ ಬಹುಮಟ್ಟಿಗೆ ಇಳಿಯಿತು. ಆ ಕವಾಟದ ತಯಾರಿಕೆ 2007ರವರೆಗೂ ನಡೆಯಿತು.

ಕಿವಿಯ ಜಾಗಕ್ಕೆ ಬಂದದ್ದೂ ಒಂದು ಬಗೆಯ ಸದ್ದೇ. ಆದರೆ ಮನುಷ್ಯನ ಕಿವಿಗೆ ಕೇಳದ ಸದ್ದು. ಸ್ವೀಡನ್ನಿನ ಲುಂಡ್ ಪಟ್ಟಣದ ವೈದ್ಯ ಇಂಗೆ ಎಡ್ಲರ್ ಮತ್ತು ಭೌತವಿಜ್ಞಾನಿ ಹೆಲ್ಮುತ್ ಹರ್ಟ್ಸ್ ಅವರು, ಮಾಲ್ಮೊ ಬಂದರಿನ ಹಡಗು ಕಟ್ಟುವ ಕಾರ್ಖಾನೆಯಲ್ಲಿ ಲೋಹದೊಳಗಣ ಬಿರುಕು ಹುಡುಕಲು ಇಟ್ಟುಕೊಂಡಿದ್ದ ಯಂತ್ರವನ್ನು ಕಂಡರು. ಅಂಥದೊಂದನ್ನು ಎರವಲು ತಂದು, 1953ರ ಅಕ್ಟೋಬರ್ 29ರಂದು ಅದರಿಂದ ಹೃದಯದ ಚಲನೆಯನ್ನು ಗೆರೆಯಾಗಿ ಬರೆಸಿದರು. ಯಂತ್ರ ಅತಿ ಸೂಕ್ಷ್ಮವಾದ ಧ್ವನಿತರಂಗಗಳನ್ನು ಎದೆಯೊಳಕ್ಕೆ ಕಳುಹಿಸುತ್ತದೆ. ಅವು ತಾಗಿ ಮರಳಿ ಬಂದ ಹೊತ್ತನ್ನು ಎಣಿಸಿ ವಸ್ತು ಎಷ್ಟು ದೂರದಲ್ಲಿದೆಯೆಂದು ಹೇಳುತ್ತದೆ. ಇಂದು ಜನರ ಬಾಯಲ್ಲಿ ಎಕೋ ಎಂದಷ್ಟೇ ಇರುವ ಪರೀಕ್ಷೆಯ ಹುಟ್ಟು ಇದು.

ಎಕೋ ಮೊದಲು ಕದದ ಚಲನೆಯನ್ನು ತೋರಿಸಿತು. ಕದದ ಮೂಲಕ ಹರಿಯುವ ರಕ್ತದ ವೇಗವನ್ನು ತಿಳಿಯಲು ಇನ್ನಿಬ್ಬರು ಹಳಬರ ನೆರವು ಬೇಕಾಯಿತು. 1842ರಲ್ಲಿ ಪ್ರಾಗ್ ನಗರದಲ್ಲಿ ಕ್ರಿಶ್ಚಿಯನ್ ಡಾಪ್ಲರ್ ಅವರು ನಕ್ಷತ್ರಗಳ ಬೆಳಕನ್ನು ಕುರಿತು ಹೇಳಿದ ತತ್ತ್ವ ಒಂದು. ಹತ್ತಿರ ಬರುವ ರೈಲಿನ ಸಿಳ್ಳು ತಾರವಾಗಿಯೂ ದೂರ ಹೋಗುವಾಗ ಮಂದ್ರವಾಗಿಯೂ ಕೇಳುವುದು ಇದೇ ತತ್ತ್ವದಿಂದ. ಇನ್ನೊಂದು, 1738ರಲ್ಲಿ ದಾನಿಯೆಲ್ ಬರ್ನೂಲಿ ಅವರು ನೀರಿನ ಹರಿವನ್ನು ಕುರಿತು ಬರೆದದ್ದು. ತೋಟಕ್ಕೆ ನೀರು ಬಿಡುವ ಕೊಳವೆಯ ಬಾಯನ್ನು ಹೆಬ್ಬೆರಳಿನಿಂದ ಅರ್ಧ ಮುಚ್ಚಿದರೆ ನೀರು ಚಿಮ್ಮಿ ದೂರ ಹಾರುತ್ತದೆ. ದಾರಿ ಕಿರಿದಾದಷ್ಟೂ ವೇಗ ಹೆಚ್ಚು. 1970ರ ದಶಕದಲ್ಲಿ ನಾರ್ವೆ ದೇಶದ ಹೋಲೆನ್ ಮತ್ತು ಲಿವ್ ಹಾಟ್ಲೆ ಎಂಬ ವೈದ್ಯೆ ಈ ಎರಡನ್ನೂ ಹೃದಯದ ಮಟ್ಟಿಗೆ ಕೂಡಿಸಿದರು. ಅವರು ಬಳಕೆಗೆ ತಂದ ಲೆಕ್ಕ ಹೈಸ್ಕೂಲಿನ ಹುಡುಗರೂ ಮಾಡುವಷ್ಟು ಸುಲಭ. ಸೆಕೆಂಡಿಗೆ ಎಷ್ಟು ಮೀಟರ್ ವೇಗವೋ ಅದರ ವರ್ಗವನ್ನು ನಾಲ್ಕರಿಂದ ಗುಣಿಸಿ. ಕವಾಟದ ಎರಡು ಕಡೆಯ ಒತ್ತಡದ ಅಂತರ ಪಾದರಸದ ಮಿಲಿಮೀಟರುಗಳಲ್ಲಿ ಬರುತ್ತದೆ. ವೇಗ 2 ಮೀಟರಾದರೆ 16. 3 ಮೀಟರಾದರೆ 36. ಅದಕ್ಕೆ ಮುಂಚೆ ಈ ಅಂಕಿ ಬೇಕಾದರೆ ರಕ್ತನಾಳದೊಳಕ್ಕೆ ಸಪುರವಾದ ನಳಿಗೆ ತೂರಿಸಿ ಹೃದಯದವರೆಗೆ ಒಯ್ಯಬೇಕಾಗಿತ್ತು. ಗುಂಡಿನ ಪಂಜರದೊಳಗೆ ನಳಿಗೆ ತೂರಿಸುವುದಾದರೋ ಅಪಾಯದ ಮಾತು.

ಆದರೆ ಅಂಕಿ ಹೆಚ್ಚಿದ ಮಾತ್ರಕ್ಕೆ ಕವಾಟ ಕೆಟ್ಟಿತೆಂದು ತೀರ್ಮಾನಿಸಬಾರದು. ಜ್ವರವಿದ್ದರೆ, ರಕ್ತಹೀನತೆಯಿದ್ದರೆ, ಹೆಂಗಸರು ಬಸುರಿಯಾಗಿದ್ದರೆ ರಕ್ತ ರಭಸವಾಗಿ ಹರಿದು ಅಂಕಿ ಏರುತ್ತದೆ. ಕವಾಟ ಆಳಿನ ಮೈಕಟ್ಟಿಗೆ ಚಿಕ್ಕದಾದರೂ ಏರುತ್ತದೆ. ಈ ಹೊಂದಿಕೆಯ ಕೊರತೆಯನ್ನು 1978ರಲ್ಲಿ ಎತ್ತಿ ತೋರಿಸಿದವರು ಮುಂಬಯಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ಹೆಸರಾದ ಶಹಾಬುದ್ದೀನ್ ರಹಿಮ್‌ತುಲಾ ಅವರು. ಆದ್ದರಿಂದಲೇ ಶಸ್ತ್ರಕ್ರಿಯೆಯಾದ ಮೊದಲ ವಾರಗಳಲ್ಲಿ ಇಲ್ಲವೆ ತಿಂಗಳುಗಳಲ್ಲಿ, ಕವಾಟ ನೆಟ್ಟಗಿರುವಾಗಲೇ, ಒಂದು ಎಕೋ ಮಾಡಿ ಬರೆದಿಡುತ್ತಾರೆ. ಮುಂದೆ ಬರುವ ಅಂಕಿಗಳನ್ನೆಲ್ಲ ಅದರೊಡನೆ ಹೋಲಿಸಬೇಕು. ನಿಮ್ಮ ಮನೆಯಲ್ಲಿ ಯಾರಿಗಾದರೂ ಕವಾಟ ಕೂಡಿಸಿದ್ದರೆ ಆ ಮೊದಲ ಕಾಗದವನ್ನೂ, ಕವಾಟದ ಹೆಸರು ಅಳತೆಗಳಿರುವ ಚೀಟಿಯನ್ನೂ ಜಮೀನಿನ ಪತ್ರದಷ್ಟೇ ಭದ್ರವಾಗಿಡಿ.

ಎಕೋಗೆ ಇನ್ನೊಂದು ಅಡ್ಡಿಯುಂಟು. ಲೋಹದ ಕವಾಟ ಧ್ವನಿತರಂಗಗಳನ್ನು ತಡೆದು ತನ್ನ ಹಿಂದೆ ನೆರಳು ಚೆಲ್ಲುತ್ತದೆ. ಮೈಟ್ರಲ್ ಕವಾಟ ಸೋರುತ್ತಿದ್ದರೆ ಆ ಸೋರಿಕೆ ನೆರಳಿನಲ್ಲಿಯೇ ಅಡಗುತ್ತದೆ. ಹೃದಯದ ಎಡ ಮೇಲ್ಕೋಣೆಯ ಬೆನ್ನಿಗೇ ಅನ್ನನಾಳವಿದೆ. 1980ರ ದಶಕದಲ್ಲಿ ಯಂತ್ರದ ಕಣ್ಣನ್ನು ಸಣ್ಣದು ಮಾಡಿ, ರೋಗಿ ನುಂಗುವಂತೆ ಮಾಡಿ, ಹಿತ್ತಿಲ ಬಾಗಿಲಿನಿಂದ ನೋಡುವುದು ರೂಢಿಗೆ ಬಂತು. ಸೋರಿಕೆಯ ಸುಳಿವು ಕೆಲವೊಮ್ಮೆ ರಕ್ತಪರೀಕ್ಷೆಯಲ್ಲಿಯೇ ಸಿಗುತ್ತದೆ: ಹೊಲಿಗೆ ಬಿಟ್ಟ ಸಂದಿನಲ್ಲಿ ರಭಸದಿಂದ ನುಗ್ಗುವ ಕೆಂಪು ಕಣಗಳು ಹರಿದು ಚೂರಾಗಿ, ರೋಗಿ ಬಿಳಿಚಿಕೊಂಡು, ಮೂತ್ರ ಕಂದು ಬಣ್ಣಕ್ಕೆ ತಿರುಗುವುದುಂಟು.

ಕ್ಷಕಿರಣವೂ ಕೈಬಿಡಲಿಲ್ಲ. ಗುಂಡಿನ ಬದಲು ಓಲಾಡುವ ಬಿಲ್ಲೆಯ ಕವಾಟ 1969ರಲ್ಲಿಯೂ, 1977ರಲ್ಲಿ ಮಿನ್ನಿಯಾಪೊಲಿಸ್ಸಿನಲ್ಲಿ ಇಬ್ಬದಿಗೂ ತೆರೆಯುವ ಎರಡು ಕದದ ಕವಾಟವೂ ಬಂದವು. ಕ್ಷಕಿರಣದ ಚಲಚ್ಚಿತ್ರದಲ್ಲಿ ಕೋನ ಸರಿಯಾಗಿ ಹಿಡಿದರೆ ಆ ಎರಡು ಕದಗಳು ಎರಡು ಸಣ್ಣ ಗೆರೆಗಳಾಗಿ ತೆರೆದು ಮುಚ್ಚುವುದು ಕಾಣುತ್ತದೆ. ಒಂದು ಗೆರೆ ಅಲುಗದಿದ್ದರೆ, ಅಲ್ಲಿ ರಕ್ತ ಹೆಪ್ಪುಗಟ್ಟಿದೆ ಇಲ್ಲವೆ ಮಾಂಸ ಬೆಳೆದಿದೆ ಎಂದು ತಿಳಿಯಬೇಕು.

ಇಷ್ಟೆಲ್ಲ ಪರೀಕ್ಷೆಗಳಿದ್ದೂ ಕಾಣದೆ ಹೋದ ಕೇಡೊಂದುಂಟು. ಸ್ಟಾಕ್‌ಹೋಮಿನ ವೈಕಿಂಗ್ ಬ್ಯೋರ್ಕ್ ಅವರೂ ಕ್ಯಾಲಿಫೋರ್ನಿಯದ ಇಂಜಿನಿಯರ್ ಡೊನಾಲ್ಡ್ ಶೈಲಿ ಅವರೂ ರೂಪಿಸಿದ ಓಲು ಬಿಲ್ಲೆಯ ಕವಾಟ ಜಗತ್ತಿನಲ್ಲೆಲ್ಲ ಹರಡಿತ್ತು. ಅದರ ಬಿಲ್ಲೆಯ ಆಕಾರವನ್ನು ತಿದ್ದಿದ ಹೊಸ ಮಾದರಿಯೊಂದು 1979ರಿಂದ 1986ರವರೆಗೆ ಮಾರಾಟವಾಯಿತು. ಸುಮಾರು 86,000 ಜನರ ಹೃದಯದಲ್ಲಿ ಕೂತಿತು. ಬಿಲ್ಲೆಯನ್ನು ಹಿಡಿದಿರುವುದು ಎರಡು ಲೋಹದ ಕೊಂಡಿಗಳು. ಒಂದು ಕೊಂಡಿ ಉಂಗುರದ ಜೊತೆಗೇ ಕಡೆದದ್ದು, ಇನ್ನೊಂದು ಬೆಸುಗೆ ಹಾಕಿದ್ದು. ಬೆಸುಗೆಯ ಕೊಂಡಿ ಕೆಲವರಲ್ಲಿ ಮುರಿಯತೊಡಗಿತು. ಮುರಿದರೆ ಬಿಲ್ಲೆ ಕಳಚಿ ರಕ್ತದೊಡನೆ ಕೊಚ್ಚಿಹೋಗುತ್ತದೆ. ಬಾಗಿಲೇ ಇಲ್ಲದ ಮನೆಯಾಗುತ್ತದೆ ಹೃದಯ. ಮುರಿದದ್ದೆಂದು ತಿಳಿದುಬಂದವು ಆರುನೂರಕ್ಕೂ ಹೆಚ್ಚು. ಅವರಲ್ಲಿ ಮೂರರಲ್ಲಿ ಎರಡು ಪಾಲಿನಷ್ಟು ಜನ ಉಳಿಯಲಿಲ್ಲ.

ಮುರಿಯುವ ಹಿಂದಿನ ದಿನದವರೆಗೂ ಈ ಕವಾಟ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಸದ್ದು ನೆಟ್ಟಗಿದೆ, ಎಕೋ ನೆಟ್ಟಗಿದೆ, ರೋಗಿ ಮೆಟ್ಟಿಲು ಹತ್ತಿ ಇಳಿಯುತ್ತಿದ್ದಾನೆ. ಅವನಿಗೆ ವೈದ್ಯರು ಏನು ಹೇಳಬೇಕು? ಎಲ್ಲರ ಎದೆಯನ್ನೂ ಮತ್ತೆ ತೆರೆದು ಕವಾಟ ಬದಲಾಯಿಸೋಣವೆಂದರೆ, ಎರಡನೆಯ ಶಸ್ತ್ರಕ್ರಿಯೆಯಲ್ಲಿಯೇ ಸಾಯುವವರು ಕೊಂಡಿ ಮುರಿದು ಸಾಯುವವರಿಗಿಂತ ಹೆಚ್ಚಾದಾರು. ಸುಮ್ಮನಿರೋಣವೆಂದರೆ ಯಾರ ಎದೆಯಲ್ಲಿ ಯಾವ ದಿನ ಮುರಿದೀತೆಂಬುದು ತಿಳಿಯದು. ದೊಡ್ಡ ಅಳತೆಯ ಕವಾಟ, ಮೈಟ್ರಲ್ ಸ್ಥಾನ, ಚಿಕ್ಕ ವಯಸ್ಸು, ಇವು ಕೂಡಿದರೆ ಗಂಡಾಂತರ ಹೆಚ್ಚೆಂದು ಲೆಕ್ಕ ಹೇಳಿತು. ಆದರೆ ಲೆಕ್ಕ ಸಾವಿರ ಜನರ ಮಾತು. ಎದುರಿಗೆ ಕುಳಿತ ಒಬ್ಬನ ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ. ಈ ಕಷ್ಟದಲ್ಲಿ ಒಂದು ಬೆಳಕಿನ ಕಿಂಡಿಯಿತ್ತು. ಕೊಂಡಿಗೆ ಎರಡು ಕಾಲು. ಎರಡೂ ಒಮ್ಮೆಗೇ ಮುರಿಯುವುದಿಲ್ಲ; ಒಂದು ಮುರಿದ ಮೇಲೆ ಇನ್ನೊಂದು ಮುರಿಯಲು ದಿನಗಳೋ ತಿಂಗಳುಗಳೋ ಹಿಡಿಯಬಹುದು. ಆ ನಡುವೆ ಬಿಲ್ಲೆ ಜಾಗದಲ್ಲಿಯೇ ಇರುತ್ತದೆ. ಅಮೆರಿಕದ ಮಿಶಿಗನ್ ರಾಜ್ಯದ ರಾಯಲ್ ಓಕ್ ಪಟ್ಟಣದಲ್ಲಿ ವಿಲಿಯಮ್ ಓನೀಲ್ ಮತ್ತು ಅವರ ಸಂಗಡಿಗರು, ಕ್ಷಕಿರಣದ ಚಿತ್ರವನ್ನು ಬಹಳ ಹಿಗ್ಗಿಸಿ, ಕೋನವನ್ನು ಒಂದೊಂದು ಅಂಶ ಸರಿಸಿ, ಒಂದು ಕಾಲು ಬಿಟ್ಟ ಕೊಂಡಿಯನ್ನು ಕಂಡುಹಿಡಿಯುವ ಕ್ರಮವನ್ನು 1995ರಲ್ಲಿ ಪ್ರಕಟಿಸಿದರು. ಬಿರುಕು ಕೂದಲೆಳೆಯಷ್ಟು, ಬಡಿತದ ಒಂದು ಕ್ಷಣದಲ್ಲಿ ಬಾಯ್ಬಿಟ್ಟು ಮರುಕ್ಷಣ ಮುಚ್ಚಿಕೊಳ್ಳುತ್ತದೆ. ಕಂಡರೆ ಕೂಡಲೆ ಶಸ್ತ್ರಕ್ರಿಯೆ. ಕಾಣದಿದ್ದರೆ, ಈ ದಿನ ಕಾಣಲಿಲ್ಲವೆಂದಷ್ಟೇ ಅರ್ಥ.

ಮಡಕೆ ತಟ್ಟುವ ಉಪಾಯವನ್ನು ಇಲ್ಲಿಯೂ ಪ್ರಯತ್ನಿಸದೆ ಬಿಡಲಿಲ್ಲ. ಅಣ್ವಸ್ತ್ರಗಳ ಕೆಲಸಕ್ಕೆ ಹೆಸರಾದ ಕ್ಯಾಲಿಫೋರ್ನಿಯದ ಲಾರೆನ್ಸ್ ಲಿವರ್‌ಮೋರ್ ಪ್ರಯೋಗಾಲಯದವರು ಕೊಂಡಿಯ ನಾದವನ್ನು ಹಿಡಿದು, ಇಡೀ ಕೊಂಡಿಗೂ ಕಾಲು ಮುರಿದ ಕೊಂಡಿಗೂ ಸ್ವರಭೇದ ಹುಡುಕಿದರು. ಎದೆಯ ಮೂಳೆ, ಮಾಂಸ, ಶ್ವಾಸಕೋಶಗಳನ್ನು ದಾಟಿ ಬರುವಷ್ಟರಲ್ಲಿ ಆ ನಾದ ಮಸಕಾಗುತ್ತದೆ. ಅದು ನಿತ್ಯದ ಪರೀಕ್ಷೆಯಾಗಿ ನೆಲೆಗೊಳ್ಳಲಿಲ್ಲ.

ಇದೇ ಬೆಸುಗೆಯ ಪಾಠವನ್ನು ನಮ್ಮವರು ರೋಗಿಯ ಮೇಲೆ ಕಲಿಯದೆ ಪ್ರಯೋಗಾಲಯದಲ್ಲಿ ಕಲಿತರೆಂಬುದು ಸಮಾಧಾನದ ಸಂಗತಿ. ಹೊರದೇಶದ ಕವಾಟದ ಬೆಲೆ ನಮ್ಮ ಬಡವರ ಕೈಗೆಟುಕದಿದ್ದುದರಿಂದ ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯಲ್ಲಿ ಡಾ. ಎಂ. ಎಸ್. ವಲಿಯತ್ತಾನ್ ಅವರ ಮುಂದಾಳ್ತನದಲ್ಲಿ ದೇಶೀಯ ಕವಾಟದ ಕೆಲಸ ನಡೆಯಿತು. ಒಂದು ಮಾದರಿಯಲ್ಲಿ ಬೆಸೆದ ಕೊಂಡಿ ಬಿಟ್ಟಿತು. ಇನ್ನೊಂದರಲ್ಲಿ ನೀಲಮಣಿಯ ಬಿಲ್ಲೆ ಟೈಟೇನಿಯಮ್ ಕೊಂಡಿಯನ್ನು ಸವೆಸಿತು. ಮತ್ತೊಂದರಲ್ಲಿ ಬಿಲ್ಲೆಯೇ ಒಡೆಯಿತು. ನಾಲ್ಕನೆಯದರಲ್ಲಿ ಬೆಸುಗೆಯಿಲ್ಲ, ಗಟ್ಟಿ ಮಿಶ್ರಲೋಹದ ಒಂದೇ ತುಂಡಿನಲ್ಲಿ ಕಡೆದ ಚೌಕಟ್ಟು, ಅದರೊಳಗೆ ಪಾಲಿಎಥಿಲೀನ್ ಪ್ಲಾಸ್ಟಿಕ್ಕಿನ ಬಿಲ್ಲೆ. 1990ರ ಡಿಸೆಂಬರ್ 6ರಂದು ಅದು ಮೊದಲ ಬಾರಿಗೆ ಮನುಷ್ಯನ ಹೃದಯ ಸೇರಿತು. ಮುಂದೆ ಒಂದು ಲಕ್ಷಕ್ಕೂ ಹೆಚ್ಚು ಜನರಿಗೆ ಒದಗಿತು. ವಲಿಯತ್ತಾನ್ ಅವರು ಬಳಿಕ ಮಣಿಪಾಲದ ವಿಶ್ವವಿದ್ಯಾನಿಲಯದ ಮೊದಲ ಕುಲಪತಿಗಳಾಗಿ ಬಂದು ನಮ್ಮ ನಾಡಿನವರೇ ಆದರು. 2024ರ ಜುಲೈಯಲ್ಲಿ ಮಣಿಪಾಲದಲ್ಲಿಯೇ ತೀರಿಕೊಂಡರು.

ಪ್ಲಾಸ್ಟಿಕ್ ಬಿಲ್ಲೆ ಲೋಹಕ್ಕೆ ಬಡಿದರೆ ಸದ್ದು ಮೆತ್ತಗೆ; ರೋಗಿಗೆ ಸುಖನಿದ್ದೆ. ಆದರೆ ಅದೇ ಪ್ಲಾಸ್ಟಿಕ್ಕಿನ ಮೂಲಕ ಕ್ಷಕಿರಣವೂ ಸಲೀಸಾಗಿ ಹಾದುಹೋಗುವುದರಿಂದ ಚಿತ್ರದಲ್ಲಿ ಚೌಕಟ್ಟು ಎದ್ದು ಕಾಣುವಂತೆ ಬಿಲ್ಲೆ ಕಾಣದು. ಹಫ್ನಾಗೆಲ್ ಅವರ ಹೊದಿಕೆಯ ತೊಡಕು ಮತ್ತೆ ಬಂದಿತಲ್ಲವೆ? ಇಲ್ಲಿ ಹೆಚ್ಚಿನ ಭಾರವೆಲ್ಲ ಎಕೋ ಮೇಲೆಯೇ ಬೀಳುತ್ತದೆ.

ನಮ್ಮಲ್ಲಿ ಲೋಹದ ಕವಾಟ ಹೆಚ್ಚಾಗಿ ಕೆಡುವುದು ಮುರಿದಲ್ಲ, ರಕ್ತ ಹೆಪ್ಪುಗಟ್ಟಿ. ರಕ್ತವನ್ನು ತಿಳಿಯಾಗಿಡುವ ವಾರ್ಫರಿನ್ ಮಾತ್ರೆಯನ್ನು ಕೆಲವು ದಿನ ಬಿಟ್ಟವರು, ಅದರ ಪರೀಕ್ಷೆಗೆ ಬಹುಕಾಲ ಹೋಗದವರು ಈ ಗಂಡಾಂತರಕ್ಕೆ ಸಿಕ್ಕುತ್ತಾರೆ. ಉಬ್ಬಸ ಬಂದು ಆಸ್ಪತ್ರೆಗೆ ಓಡಿಬಂದವರನ್ನು, ಕವಾಟದ ಸದ್ದು ನಿಂತು ಎಷ್ಟು ದಿನವಾಯಿತೆಂದು ಕೇಳಿದರೆ, ಕೆಲವರು ದಿನವನ್ನೇ ಹೇಳಬಲ್ಲರು. ವೈದ್ಯರು ಸ್ಟೆತಾಸ್ಕೋಪಿಟ್ಟು ಕೇಳುತ್ತಾರೆ. ಸ್ಪಷ್ಟವಾಗಿರಬೇಕಾದ ಟಕ್ ಮಂಕಾಗಿರುತ್ತದೆ, ಇಲ್ಲವೆ ಇರುವುದೇ ಇಲ್ಲ. ಎಕೋದಲ್ಲಿ ಅಂಕಿ ಏರಿರುತ್ತದೆ, ಬಿಲ್ಲೆ ಅರೆತೆರೆದು ನಿಂತಿರುತ್ತದೆ. ಕೆಲವರಿಗೆ ಶಸ್ತ್ರಕ್ರಿಯೆ, ಕೆಲವರಿಗೆ ಹೆಪ್ಪು ಕರಗಿಸುವ ಔಷಧವನ್ನು ರಕ್ತನಾಳದಲ್ಲಿ ಹನಿಹನಿಯಾಗಿ ಬಿಡುತ್ತಾರೆ. ಅದು ಫಲಿಸಿದವರಲ್ಲಿ, ಯಂತ್ರ ತಂದು ಮತ್ತೆ ಅಳೆಯುವ ಮೊದಲೇ, ಎದೆಗೆ ಕಿವಿಗೊಟ್ಟ ವೈದ್ಯರಿಗೆ ಆ ಟಕ್ ಟಕ್ ಮರಳಿ ಕೇಳಿಸುವುದುಂಟು.